ಹಣ್ಣು ಬಂದರೆ ಹೌದು

ಎಸ್ಟೇಟಿನ ಆಳು ಪಾಪನ ಹೆಣ ಸಿಕ್ಕಿದ್ದು ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಹಿಂದಿನ ಗುಂಡಿಯಲ್ಲಿ, ಕೊಳೆಯುತ್ತಿದ್ದ ಕಾಫಿ ಸಿಪ್ಪೆಯ ಅಡಿಯಲ್ಲಿ. ಭಾನುವಾರ ಬೆಳಿಗ್ಗೆ ಗೊಬ್ಬರಕ್ಕೆಂದು ಸಿಪ್ಪೆ ಕೆದಕಲು ಹೋದ ಕೆಂಚಿಗೆ ಮೊದಲು ಕಂಡದ್ದು ಒಂದು ಕಾಲು. ಅವಳು ಕಿರುಚಿದ ರಭಸಕ್ಕೆ ಆಳುಗಳ ಸಾಲುಮನೆಗಳ ಲೈನಿಗೆ ಲೈನೇ ಓಡಿಬಂತು. ಹೆಣವನ್ನು ಎಳೆದು ಹಾಕಿ ನೀರು ಹೊಯ್ದು ನೋಡಿದರೆ ತಲೆಯ ಹಿಂಭಾಗವೇ ಇರಲಿಲ್ಲ. ಕತ್ತಿಯಲ್ಲಿ ಕೊಚ್ಚಿದವನಿಗೆ ಒಂದೇಟು ಸಾಕಾಗಿರಲಿಲ್ಲ.

ಗೋಣಿಯ ಮೇಲೆ ಹೊತ್ತು ತಂದು ಅವನ ತಾಯಿ ಮುದ್ದಿಯ ಬಾಗಿಲಲ್ಲಿ ಇಳಿಸಿದರು. ಮುದ್ದಿಗೆ ಕಣ್ಣಿಲ್ಲ. ಸಿಡುಬು ಬಂದ ವರ್ಷ ಎರಡೂ ಹೋಗಿದ್ದವು. ಅವಳು ಮಗನ ಪಾದದಿಂದ ಶುರುಮಾಡಿ ಮೊಣಕಾಲು, ಹೊಟ್ಟೆ, ಎದೆ, ಗಡ್ಡ ಎಲ್ಲವನ್ನೂ ಮುಟ್ಟಿಕೊಂಡು ಬಂದಳು. ತಲೆಗೆ ಬಂದಾಗ ಬೆರಳು ಒಳಕ್ಕೆ ಇಳಿಯಿತು. ಸೊಸೆ ದೊಡ್ಡಿ ಹಿಡಿದು ಎಳೆಯುವವರೆಗೆ ಅವಳು ಕೈ ತೆಗೆಯಲಿಲ್ಲ. ಅಳಲೂ ಇಲ್ಲ.

“ಯಾರು?” ಅಂದಳು.

ಚಿನ್ನ ಮೇಸ್ತ್ರಿ ಮುಂದೆ ಬಂದ. ಇದೇ ಲೈನಿನಲ್ಲಿ ಹುಟ್ಟಿ, ಇದೇ ಆಳುಗಳ ಮೇಲೆ ಮೇಸ್ತ್ರಿಯಾಗಿ, ಆಳಿಗಿಷ್ಟೆಂದು ಎಸ್ಟೇಟಿನಿಂದ ಕಾಸು ಪಡೆಯುತ್ತಾ, ಕಬ್ಬಿಣದ ಬಳೆ ಹಾಕಿದ ಬೆತ್ತ ಹಿಡಿದು ತಿರುಗುತ್ತಿದ್ದ ಮನುಷ್ಯ ಅವನು.

“ಇನ್ಯಾರು ಅಜ್ಜಿ, ಆ ಲಿಂಗ. ನಿನ್ನೆ ಹಣ್ಣು ಅಳೆಯೋ ಕಣದಾಗೆ ಎಲ್ರ ಎದ್ರುಗೇ ಅಂದಿದ್ನಲ್ಲ, ನಿನ್ ತಲೆ ಸೀಳ್ತೀನಿ ಅಂತ.”

ಅಂದದ್ದು ನಿಜ. ಲಿಂಗನ ಸಾಲಿನ ಗಿಡಗಳಲ್ಲಿ ಪಾಪ ಹಣ್ಣು ಕುಯ್ದನೆಂದು ಜಗಳವಾಗಿತ್ತು. ಲಿಂಗನ ಬಾಯಿ ಮೊದಲೇ ಕೆಟ್ಟದು. ಅವನು ತನ್ನ ನಾಯಿಗೂ ದಿನಕ್ಕೊಂದು ಸಲ ತಲೆ ಸೀಳುತ್ತೇನೆ ಅನ್ನುತ್ತಿದ್ದ. ಆದರೆ ಹೆಣ ಬಾಗಿಲಲ್ಲಿ ಬಿದ್ದಿರುವಾಗ ಅಂಥದ್ದನ್ನೆಲ್ಲ ನೆನಪಿಸಿಕೊಂಡು ಹೇಳುವವರು ಯಾರು?

ಪೊಲೀಸರಿಗೆ ಹೇಳುವ ಮಾತೇ ಇರಲಿಲ್ಲ. ಬಿಳಿ ದೊರೆಗಳ ಆ ಕಾಲದಲ್ಲಿ ಲೈನಿನವರಿಗೆ ಪೊಲೀಸರೆಂದರೆ ಓಡಿಹೋದ ಆಳನ್ನು ಹಗ್ಗ ಕಟ್ಟಿ ಎಳೆತರುವವರು, ಅಷ್ಟೇ. ದೊರೆ ಮಡಿಕೇರಿಗೆ ಹೋಗಿದ್ದ. ಎಸ್ಟೇಟಿನ ರೈಟರು ಜಗಲಿಯಿಂದ ಒಮ್ಮೆ ಇಣುಕಿ ಬಾಗಿಲು ಹಾಕಿಕೊಂಡ. ನೋಡದಿದ್ದರೆ ಬರೆಯುವ ತಾಪತ್ರಯ ಇಲ್ಲವಲ್ಲ!

ಲೈನಿಗೆ ತನ್ನದೇ ಒಂದು ನ್ಯಾಯವಿತ್ತು. ಅದನ್ನು ಹೇಳಿದರೆ ನಿಮಗೆ ನಗು ಬರಬಹುದು. ಬಂದರೆ ಈಗಲೇ ನಕ್ಕುಬಿಡಿ, ಮುಂದೆ ನಗುವಂಥದ್ದೇನೂ ಇಲ್ಲ.

ಸುಂಟಿಕೊಪ್ಪದ ಹತ್ತಿರದ ಆ ಎಸ್ಟೇಟಿನಲ್ಲಿ ಆಳುಗಳದ್ದು ಎರಡು ಗುಂಪು. ಸೋಮವಾರಪೇಟೆ ಕಡೆಯಿಂದ ಬಂದವರು ಹೆಚ್ಚು, ಸಿದ್ದಾಪುರದ ಕಡೆಯವರು ಕಡಿಮೆ. ಮೊದಲೆಲ್ಲ ಏನೇ ತಕರಾರು ಬಂದರೂ ಕೈ ಎತ್ತಿಸಿ ಎಣಿಸುತ್ತಿದ್ದರು. ಎಣಿಸುವ ಶಾಸ್ತ್ರವಾದರೂ ಯಾಕೆ ಬೇಕಿತ್ತೋ! ಹೆಚ್ಚಿದ್ದವರು ಪ್ರತಿ ಸಲವೂ ಗೆದ್ದರು, ಕಡಿಮೆ ಇದ್ದವರು ಪ್ರತಿ ಸಲವೂ ಸೋತರು. ಸೋತು ಸೋತು ರೋಸಿದವರು ಒಂದು ಬೇಸಿಗೆ, ನೀರಿನ ಜಗಳದಲ್ಲಿ, ಎಣಿಸಲು ಎತ್ತಿದ್ದ ಕೈಗಳನ್ನೇ ಕತ್ತಿಯಿಂದ ಕಡಿದರು. ಹೊಳೆಯ ದಡದಲ್ಲಿ ಎರಡೂ ಕಡೆಯವರ ರಕ್ತ ಹರಿಯಿತು, ಇಬ್ಬರು ಸತ್ತರು. ಆಗ ಲೈನಿನ ಹಿರಿಯ ಮಾರಿ ಒಂದು ಕಟ್ಟಳೆ ಮಾಡಿದ.

ಮನೆಗೊಂದು ಕಾಫಿ. ಹೌದು ಅನ್ನುವವರು ಕೆಂಪು ಹಣ್ಣು, ಬೇಡ ಅನ್ನುವವರು ಹಸಿರು ಕಾಯಿ. ಯಾರಿಗೂ ಕಾಣದಂತೆ ಮುಷ್ಟಿಯಲ್ಲಿ ತಂದು ಮಡಕೆಯೊಳಗೆ ಬಿಡಬೇಕು. ಎಣಿಸುವುದಿಲ್ಲ. ಕಣ್ಣಿಲ್ಲದ ಮುದ್ದಿ ಮಡಕೆಯೊಳಗೆ ಕೈ ಹಾಕಿ ಒಂದೇ ಒಂದನ್ನು ತೆಗೆಯುತ್ತಾಳೆ. ಹಣ್ಣು ಬಂದರೆ ಹೌದು, ಕಾಯಿ ಬಂದರೆ ಇಲ್ಲ. ಉಳಿದದ್ದನ್ನು ಯಾರೂ ನೋಡದಂತೆ ಮಡಕೆ ಸಮೇತ ಹೊಳೆಗೆ ಎಸೆಯುವುದು.

ಕೇಳಿದರೆ ಹುಚ್ಚಾಟ ಅನ್ನಿಸುತ್ತದೆ. ಆದರೆ ಆ ಹುಚ್ಚಾಟದಿಂದ ಲೈನು ತಣ್ಣಗಾಯಿತು. ಹೆಚ್ಚು ಮನೆಯವರ ಮಾತೇ ಹೆಚ್ಚು ಸಲ ನಡೆಯುತ್ತಿತ್ತು, ಅದು ಸಹಜ. ಆದರೂ ಕಡಿಮೆ ಇದ್ದವರ ಕಾಯಿಯೂ ಆಗಾಗ ಮೇಲೆ ಬರುತ್ತಿತ್ತು. ಒಂಟಿ ಮನೆಯ ಒಂದು ಕಾಯಿ ಕೂಡ ಇಡೀ ಲೈನನ್ನು ತಿರುಗಿಸಬಹುದಾದ್ದರಿಂದ ದೊಡ್ಡ ಗುಂಪಿನವರು ಮಡಕೆಯ ತನಕ ಹೋಗುವ ಮೊದಲೇ ಮಾತಾಡಿ ರಾಜಿಯಾಗುವುದನ್ನು ಕಲಿತರು. ಮೇಸ್ತ್ರಿಯ ಎದುರು ಉಸಿರೆತ್ತಲಾಗದ ಹೆಂಗಸೂ ಮುಷ್ಟಿಯೊಳಗೆ ತನ್ನ ಮಾತು ಹಿಡಿದು ತರಬಹುದಿತ್ತು. ಮಳೆಗಾಲದಲ್ಲಿ ಹುಟ್ಟಿದ ಜಗಳಗಳು ಗಿಡದಲ್ಲಿ ಹಣ್ಣಾಗುವವರೆಗೆ ಕಾಯುತ್ತಿದ್ದವು, ಕಾದು ಕಾದು ಅರ್ಧದಷ್ಟು ತಾವೇ ಉದುರುತ್ತಿದ್ದವು.

ಎಲ್ಲ ಸರಿ, ಒಂದು ತಪ್ಪಿತ್ತು. ಕಾಫಿ ಕುಯ್ಯುವವರಿಗೆ ಮಾತ್ರ ಆಗಬಹುದಾದ ತಪ್ಪು ಅದು. ಹಣ್ಣು ಮೆತ್ತಗೆ, ಕಾಯಿ ಗಟ್ಟಿ. ಕುಯ್ಯುವಾಗ ಅವರು ಪಕ್ಕದ ಸಾಲಿನವರೊಡನೆ ಹರಟುತ್ತಾ, ಎತ್ತಲೋ ನೋಡುತ್ತಾ ಕುಯ್ಯುತ್ತಾರೆ. ಬೆರಳು ಹಣ್ಣನ್ನು ಬಿಡಿಸಿ ಕಾಯಿಯನ್ನು ಗಿಡದಲ್ಲೇ ಬಿಡುತ್ತದೆ. ಆದರೂ ತಾವು ಕಣ್ಣಿನಿಂದಲೇ ಆರಿಸುತ್ತಿದ್ದೇವೆ ಎಂದು ಅವರ ನಂಬಿಕೆ. ಕಣ್ಣಿಲ್ಲದವಳಿಗೆ ಬಣ್ಣ ಎಲ್ಲಿ ತಿಳಿಯಬೇಕು ಎಂದುಕೊಂಡು ಅವರು ಮುದ್ದಿಯನ್ನು ಆರಿಸಿದರು. ಕಣ್ಣು ಹೋಗುವ ಮುಂಚೆ ಇಡೀ ಎಸ್ಟೇಟಿನಲ್ಲಿ ಅವಳಷ್ಟು ಚುರುಕಾಗಿ ಕುಯ್ಯುವ ಕೈ ಇನ್ನೊಂದಿರಲಿಲ್ಲ ಎಂಬುದನ್ನು ಮರೆತೇಬಿಟ್ಟಿದ್ದರು.

ಮುದ್ದಿಗೆ ಮೊದಲ ಸಲವೇ ಗೊತ್ತಾಗಿತ್ತು. ಮಡಕೆಯೊಳಗೆ ಕೈ ಇಟ್ಟ ಕೂಡಲೇ ಬೆರಳು ಇದು ಹಣ್ಣು, ಇದು ಕಾಯಿ ಎಂದು ಹೇಳಿತು. ಅವಳು ಹೆದರಿ, ಮೊದಲು ತಾಗಿದ್ದನ್ನೇ ಹಿಡಿದು ತೆಗೆದಿದ್ದಳು. ಆಮೇಲೂ ಹಾಗೆಯೇ ಮಾಡುತ್ತಿದ್ದಳು, ಬಹುಮಟ್ಟಿಗೆ. ಯಾವಳೋ ಬಸುರಿಯನ್ನು ಲೈನಿನಿಂದ ಓಡಿಸಬೇಕೆಂದಾಗ ಮಾತ್ರ ಬೇಕೆಂದೇ ಕಾಯಿ ಹುಡುಕಿದ್ದಳು. ಒಳ್ಳೆಯದಕ್ಕೆ ತಾನೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಲಿಂಗನನ್ನು ಹಿಡಿದು ತಂದು ಕಣದ ಪಕ್ಕದ ಅತ್ತಿಮರಕ್ಕೆ ಕಟ್ಟಿದರು. ತರುವಾಗಲೇ ಅವನ ಹಲ್ಲು ಮುರಿದಿತ್ತು. ಅವನ ಹೆಂಡತಿ ಸಿದ್ದಿ ಒಬ್ಬೊಬ್ಬರ ಕಾಲಿಗೂ ಬಿದ್ದಳು.

“ನಿನ್ನೆ ಬೈಗಿಂದ ಅವ ಮನೆ ಬಿಟ್ಟು ಆಚೆಗೆ ಬಂದಿಲ್ಲ ಕಣ್ರಪ್ಪಾ. ಸುಮ್ನೆ ಬಾಯಿ ಅಷ್ಟೇ ಅವ್ನುದು. ಕೋಳಿ ಕುಯ್ಯಕ್ಕೂ ನನ್ನೇ ಕರೀತಾನೆ!”

“ಗಂಡನ್ನ ಬಿಟ್ಟುಕೊಡೋ ಹೆಂಡ್ತಿ ಎಲ್ಲಿದಾಳೆ?” ಅಂದ ಚಿನ್ನ ಮೇಸ್ತ್ರಿ. “ಮಡಕೆ ಹೇಳಲಿ. ಲಿಂಗಂಗೆ ಏಟಿನ ಸಾಲು. ಹೌದೋ, ಬೇಡವೋ, ಹಾಕಿ.”

ಏಟಿನ ಸಾಲೆಂದರೆ ಮನೆಗೊಬ್ಬರಂತೆ ದೊಣ್ಣೆ ಹಿಡಿದು ಎರಡು ಸಾಲಾಗಿ ನಿಲ್ಲಬೇಕು. ತಪ್ಪು ಮಾಡಿದವನು ನಡುವೆ ಹಾದುಹೋಗಬೇಕು. ಅವನ ಮನೆಯೊಂದನ್ನು ಬಿಟ್ಟು ಪ್ರತಿ ಮನೆಯೂ ಒಂದೊಂದು ಏಟು ಹೊಡೆಯಲೇಬೇಕು. ಹಿಂದೊಮ್ಮೆ ಅದನ್ನು ಹಾದವನು ಬದುಕಿದ್ದ, ಆದರೆ ಮತ್ತೆ ನೆಟ್ಟಗೆ ನಡೆಯಲಿಲ್ಲ.

ಮಡಕೆ ಮುದ್ದಿಯ ತೊಡೆಯ ಮೇಲೆ ಬಂತು. ಒಬ್ಬೊಬ್ಬರೇ ಬಂದು ಬಿಟ್ಟು ಹೋದರು. ಪಾಪನ ಮನೆಯ ಕಾಫಿಯನ್ನು ದೊಡ್ಡಿ ಬಿಟ್ಟಳು, ಲಿಂಗನ ಮನೆಯದನ್ನು ಸಿದ್ದಿ ಬಿಟ್ಟಳು. ಸಿದ್ದಿಯ ಕಣ್ಣೀರು ಮುದ್ದಿಯ ಮೊಣಕೈ ಮೇಲೆ ಬಿತ್ತು. ಮುದ್ದಿ ಅದನ್ನು ಸೆರಗಿನಿಂದ ಒರೆಸಿ ಹಾಕಿದಳು. ಅವಳ ಉಗುರಿನ ಸಂದಿಯಲ್ಲಿ ಮಗನ ರಕ್ತ ಇನ್ನೂ ಒಣಗಿ ಅಂಟಿತ್ತು.

ಕೈ ಒಳಗೆ ಹೋಯಿತು. ಮೊದಲು ತಾಗಿದ್ದು ಕಾಯಿ.

ಸಿದ್ದಿಯದಿರಬೇಕು ಎಂದುಕೊಂಡಳು. ಪಕ್ಕದ್ದನ್ನು ಮುಟ್ಟಿದಳು. ಅದೂ ಕಾಯಿ. ಬೆರಳನ್ನು ಅತ್ತಿತ್ತ ಆಡಿಸಿದಳು. ಕಾಯಿ, ಕಾಯಿ, ಕಾಯಿ. ಎಲ್ಲವೂ ಗಟ್ಟಿ, ಎಲ್ಲವೂ ನುಣ್ಣಗೆ. ಮುದ್ದಿಯ ಎದೆಯಲ್ಲಿ ಬೆಂಕಿ ಎದ್ದಿತು. ಇವರ ಹೆರಿಗೆಗೆ, ಇವರ ಜ್ವರಕ್ಕೆ, ಇವರ ಸಾವಿಗೆ ಓಡಾಡಿದ ಮಗ ಅವನು. ಅವನ ತಲೆ ಸೀಳಿದವನಿಗೆ ಒಂದು ಏಟು ಬೇಡವೆ? ಸೋಮವಾರಪೇಟೆ ಕಡೆಯ ಸ್ವಂತ ಜನಕ್ಕೂ ಬೇಡವೆ? ಹೇಡಿಗಳು, ನಾಯಿಗಳು, ಉಂಡ ಮನೆಗೆ ಎರಡು ಬಗೆಯುವವರು! ಅವಳ ತುಟಿ ಅದುರುತ್ತಿತ್ತು. ಸುತ್ತ ನಿಂತವರು ಅಜ್ಜಿ ದೇವರನ್ನು ನೆನೆಯುತ್ತಿದ್ದಾಳೆ ಎಂದುಕೊಂಡರು.

ಯಾವುದನ್ನು ಹಿಡಿದಿದ್ದರೂ ಕಾಯಿಯೇ ಬರುತ್ತಿತ್ತು. ಹಿಡಿಯಬೇಕಿತ್ತು. ಅವಳು ಹಿಡಿಯಲಿಲ್ಲ. ತಳಕ್ಕೆ ಇಳಿದು ಕೆದಕಿದಳು. ಒಂದು ಮೂಲೆಯಲ್ಲಿ ಮೆತ್ತಗೆ ಏನೋ ತಾಗಿ ಜಾರಿತು. ಮತ್ತೆ ಹುಡುಕಿದಳು. ಮತ್ತೆ ಜಾರಿತು. ಮೂರು ಬೆರಳಲ್ಲಿ ಅದನ್ನು ಮಡಕೆಯ ಗೋಡೆಗೆ ಒತ್ತಿ ಹಿಡಿದು ಮೇಲೆತ್ತಿದಳು.

ಕೆಂಪು ಹಣ್ಣು.

ಗುಂಪಿನಿಂದ ಕೂಗು ಏಳಲಿಲ್ಲ, ಬರೀ ಉಸಿರು ಎದ್ದಿತು. ಮಾರಿ ಮಡಕೆಗೆ ಬಟ್ಟೆ ಮುಚ್ಚಿ ಹೊಳೆಗೆ ಎಸೆದು ಬಂದ. ಆಗ ಪ್ರತಿಯೊಬ್ಬರ ತಲೆಯಲ್ಲೂ ಓಡಿದ ಯೋಚನೆ ಒಂದೇ. ಹಣ್ಣು ಬಂದಿದೆ ಅಂದಮೇಲೆ ಮಡಕೆ ತುಂಬ ಹಣ್ಣೇ ಇದ್ದಿರಬೇಕು. ಲಿಂಗ ಮಾಡಿಲ್ಲ ಅಂದುಕೊಂಡ ಪೆದ್ದ ನಾನೊಬ್ಬನೇ. ನಾನು ಮೆಲ್ಲಗೆ ಹೊಡೆದರೆ ಕಾಯಿ ಹಾಕಿದವನು ನಾನೇ ಎಂದು ಎಲ್ಲರಿಗೂ ತಿಳಿದುಹೋಗುತ್ತದೆ. ಇಂಥ ಯೋಚನೆಯಿಂದ ಹುಟ್ಟುವ ಏಟು ಸಿಟ್ಟಿನ ಏಟಿಗಿಂತ ಕೆಟ್ಟದ್ದು. ಸಿಟ್ಟಾದರೂ ನಡುವೆ ಸುಸ್ತಾಗುತ್ತದೆ.

ಲಿಂಗನನ್ನು ಬಿಚ್ಚಿ ಸಾಲಿನ ಬಾಯಿಗೆ ತಳ್ಳಿದರು. ಮೊದಲ ಏಟು ಮುದ್ದಿಯದು. ದೊಡ್ಡಿ ಅವಳ ಕೈಗೆ ದೊಣ್ಣೆ ಕೊಟ್ಟು ನಿಲ್ಲಿಸಿದ್ದಳು, ಏಟು ಅವನ ಭುಜಕ್ಕೆ ಬಿತ್ತು. ಆಮೇಲೆ ಅವನು ಓಡಲು ನೋಡಿದ. ಮಾರಿಯ ಏಟಿಗೆ ಮೊಣಕಾಲು ಮುರಿಯಿತು. ಬಿದ್ದವನು ಅಂಬೆಗಾಲಿಟ್ಟು ತೆವಳಿದ. ಕೆಂಚಿ ಕಣ್ಣು ಮುಚ್ಚಿಕೊಂಡು ಹೊಡೆದಳು, ಅದು ಅವನ ಕಿವಿಯನ್ನು ಕಿತ್ತಿತು. ಎರಡೂ ಕಡೆಯಿಂದ ದೊಣ್ಣೆಗಳು ಎದ್ದು ಬಿದ್ದವು. ಸಿದ್ದಾಪುರದ ಕಡೆಯವರು, ಅವನ ಸ್ವಂತ ನಂಟರು, ಎಲ್ಲರಿಗಿಂತ ಜೋರಾಗಿ ಹೊಡೆದರು. ಸಾಲಿನ ಕೊನೆ ಮುಟ್ಟುವಾಗ ಅವನ ಮುಖದಲ್ಲಿ ಯಾವುದು ಬಾಯಿ, ಯಾವುದು ಗಾಯ ಎಂದು ಹೇಳುವಂತಿರಲಿಲ್ಲ. ಕೊನೆಯಲ್ಲಿ ಚಿನ್ನ ಮೇಸ್ತ್ರಿ ನಿಂತಿದ್ದ. ಬೆತ್ತವನ್ನು ತಿರುಗಿಸಿ ಹಿಡಿದು, ಕಬ್ಬಿಣದ ತುದಿಯನ್ನು ನೆತ್ತಿಗೆ ಇಳಿಸಿದ. ಲಿಂಗನ ಕಾಲು ಸ್ವಲ್ಪ ಹೊತ್ತು ಮಣ್ಣು ಕೆರೆದು ನಿಂತಿತು.

ಮುದ್ದಿ ಮನೆಗೆ ಬಂದು ಮಗನ ಹೆಣದ ಪಕ್ಕ ಕೂತಳು. ಸಮಾಧಾನ ಆಗುತ್ತದೆಂದು ಕಾದಳು, ಆಗಲಿಲ್ಲ. ದೊಡ್ಡಿ ತಂಬಿಗೆಯಲ್ಲಿ ಬಿಸಿನೀರು ತಂದು ಅವಳ ಕೈ ತೊಳೆಯತೊಡಗಿದಳು. ತೊಳೆಯುತ್ತಾ ತೊಳೆಯುತ್ತಾ ಬಿಕ್ಕಿದಳು.

“ಹಿಂಗಾಗ್ಬಾರದಿತ್ತು ಅತ್ತೆ. ಲಿಂಗ ಅಲ್ಲ.”

“ಏನಂದೆ?”

“ನಿನ್ನೆ ಸಂಜೆ ನಿನ್ ಮಗನ್ನ ಮೇಸ್ತ್ರಿ ಬಂದು ಕರ್ಕಂಡ್ ಹೋದ. ಆಳುಗಳ್ನೆಲ್ಲ ಎಬ್ಬಿಸ್ಕಂಡು ಬೇರೆ ಎಸ್ಟೇಟಿಗೆ ಹೊಂಟಿದೀಯಂತೆ, ಮಾತಾಡನ ಬಾ ಅಂತ. ಪಲ್ಪರ್ ಮನೆ ದಿಕ್ಕಿಗೇ ಹೋದ್ರು. ನಾ ಕಣ್ಣಾರೆ ನೋಡಿದೀನಿ.”

“ಬೆಳಿಗ್ಗೆ ನಿನ್ ಬಾಯಿಗೇನಾಗಿತ್ತೇ?”

“ಮಕ್ಳಿದಾವಲ್ಲ ಅತ್ತೆ. ಅವ ನಮ್ಮನ್ನ ಬಿಡ್ತಾನಾ? ಬಾಯಲ್ಲಿ ಹೇಳಕ್ಕಾಗ್ದೆ ಮಡಕೇಲಿ ಹೇಳ್ದೆ. ಕಾಯಿ ಹಾಕ್ದೆ. ಎಲ್ರೂ ಹಣ್ಣು ಹಾಕಿದ್ರೆ ನನ್ನ ಒಂದು ಕಾಯಿ ಏನ್ ಮಾಡೀತು?”

ಮುದ್ದಿಯ ಕೈ ನೀರಿನಲ್ಲೇ ನಿಂತುಬಿಟ್ಟಿತು. ಎಲ್ಲರೂ ಹಾಕಿದ್ದು ಹಣ್ಣಲ್ಲ. ಅದು ಅವಳೊಬ್ಬಳಿಗೇ ಗೊತ್ತು. ಹಗಲಲ್ಲಿ ಮೇಸ್ತ್ರಿಯ ಮುಖ ನೋಡಲು ಹೆದರಿದ ಜನ ಮುಷ್ಟಿ ಮುಚ್ಚಿಕೊಂಡು ಬಂದು, ಮನೆ ಮನೆಯೂ ಬೇರೆ ಬೇರೆಯಾಗಿ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ನಿಜವನ್ನೇ ತಂದು ಅವಳ ಮಡಿಲಿಗೆ ಹಾಕಿದ್ದರು. ಆ ನಿಜವನ್ನೆಲ್ಲ ಬೆರಳಲ್ಲಿ ಬದಿಗೆ ಸರಿಸಿ, ಅದರಡಿಯಿಂದ ಅವಳು ಒಂದು ಸುಳ್ಳನ್ನು ಹೆಕ್ಕಿದ್ದಳು. ಮಗನನ್ನು ಕೊಂದವನ ಮಾತನ್ನೇ ಹುಡುಕಿ ಹುಡುಕಿ ನಡೆಸಿಕೊಟ್ಟಿದ್ದಳು. ಮುದ್ದಿ ಆಗ ಅತ್ತಳು. ಪ್ರಾಣಿ ಕೂಗಿದ ಹಾಗೆ ಕೂಗಿ ಅತ್ತಳು.

ದೊಡ್ಡಿಯ ಹೆಗಲು ಹಿಡಿದು ಅವಳು ಕಣಕ್ಕೆ ಬಂದಾಗ ಜನ ಇನ್ನೂ ಅಲ್ಲೇ ಇದ್ದರು. ಸಿದ್ದಿ ಗಂಡನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ದೊರೆ ಬಂದು ಕೇಳಿದರೆ ಪಾಪ, ಲಿಂಗ ಇಬ್ಬರೂ ಮರ ಬಿದ್ದು ಸತ್ತರೆಂದು ಹೇಳಬೇಕೆಂದು ಚಿನ್ನ ಮೇಸ್ತ್ರಿ ಎಲ್ಲರಿಗೂ ಪಾಠ ಹೇಳುತ್ತಿದ್ದ.

“ಮಡಕೇಲಿ ಹಣ್ಣು ಇದ್ದಿದ್ದು ಒಂದೇ!” ಮುದ್ದಿ ಅರಚಿದಳು. “ಮಿಕ್ಕಿದ್ದೆಲ್ಲ ಕಾಯಿ. ನಾ ಹುಡುಕಿ ತೆಗ್ದೆ.”

ಮೇಸ್ತ್ರಿ ನಕ್ಕ. “ಮಗನ್ನ ಕಳ್ಕಂಡು ತಲೆ ಕೆಟ್ಟದೆ ಮುದುಕಿಗೆ. ಕಣ್ಣಿಲ್ದೋಳಿಗೆ ಹಣ್ಣು ಯಾವ್ದು, ಕಾಯಿ ಯಾವ್ದು?”

“ಕಾಫಿ ಕುಯ್ದ ಕೈ ಕಣೋ ಇದು! ಕಣ್ಣು ಮುಚ್ಚಿ ನೀವೇ ಮುಟ್ಟಿ ನೋಡ್ರೋ!”

ಕೆಂಚಿ ಪಕ್ಕದ ಗಿಡಕ್ಕೆ ಕೈ ಹಾಕಿ ಕಣ್ಣು ಮುಚ್ಚಿದಳು. ಎರಡು ಬಿಡಿಸಿಕೊಂಡು ಮುಷ್ಟಿ ತೆರೆಯುವ ಮೊದಲೇ ಅವಳ ಮುಖ ಬಿಳಿಚಿತು. “ಹೌದಲ್ಲೋ,” ಅಂದಳು. ಆಮೇಲೆ ಮೇಸ್ತ್ರಿಯ ಕಡೆ ನೋಡದೆ, ನೆಲ ನೋಡುತ್ತಾ, “ನಾ ಹಾಕಿದ್ದು ಕಾಯಿ,” ಅಂದಳು.

“ನಾನೂ ಕಾಯೇ,” ಅಂದ ಮಾರಿ.

ಆಮೇಲೆ ಒಬ್ಬರ ಹಿಂದೆ ಒಬ್ಬರು. ನಂದೂ ಕಾಯಿ. ನಮ್ಮನೇದೂ. ಹೇಳುತ್ತಾ ಹೇಳುತ್ತಾ ಅವರು ಕೈಯಲ್ಲಿದ್ದ ದೊಣ್ಣೆಯನ್ನು ನೋಡಿಕೊಂಡರು, ಲಿಂಗನನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಬೇಡವೆಂದು ಹೇಳಿದವರೇ ಎಲ್ಲರೂ, ಹೊಡೆದವರೂ ಎಲ್ಲರೂ.

“ನಂದೂ ಕಾಯೇ ಕಣ್ರೋ,” ಅಂದ ಚಿನ್ನ ಮೇಸ್ತ್ರಿ.

“ಹಂಗಾದ್ರೆ ಅಜ್ಜಿ ತೆಗ್ದ ಹಣ್ಣು ಯಾರ್ದು?” ಮಾರಿ ಕೇಳಿದ.

ದೊಡ್ಡಿ ಮುಂದೆ ಬಂದು ತಾನು ಕಂಡದ್ದನ್ನು ಎಲ್ಲರಿಗೂ ಕೇಳುವಂತೆ ಹೇಳಿದಳು. ಅವಳ ಮಾತು ಮುಗಿಯುವ ಮೊದಲೇ ಕೆಂಚಿ, ಮೇಸ್ತ್ರಿ ನಿನ್ನೆ ಕತ್ತಲಾಗುವಾಗ ಹೊಳೆಯಲ್ಲಿ ಕತ್ತಿ ತೊಳೆಯುತ್ತಿದ್ದನೆಂದಳು. ಹಂದಿ ಕಡಿದೆ ಅಂದಿದ್ದ, ಹಂದಿ ಎಲ್ಲಿ ಎಂದು ಇನ್ನೊಬ್ಬ ಕೇಳಿದ. ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಚೂರು ಇತ್ತು, ಬೆಳಿಗ್ಗೆಯಿಂದ ಅದನ್ನು ನುಂಗಿಕೊಂಡು ನಿಂತಿದ್ದರು.

ದೊಣ್ಣೆಗಳು ಮೇಲೆದ್ದವು. ಚಿನ್ನ ಹಿಂದೆ ಹಿಂದೆ ಹೋದ. “ಕಟ್ಟಳೆ ಅದೆ! ಕಟ್ಟಳೆ ಬಿಡಬಾರ್ದು! ಮಡಕೆ ತನ್ನಿ, ಕಾಫಿ ಹಾಕಿ!” ಎಂದು ಕಿರುಚಿದ. ಎಲ್ಲರೂ ಹಣ್ಣು ಹಾಕಿದರೂ ತನ್ನದೊಂದು ಕಾಯಿ ಮೇಲೆ ಬಂದೀತೆಂಬ ಆಸೆ ಅವನಿಗೆ. ಕಡಿಮೆ ಇದ್ದವರಿಗೆ ಆ ಆಸೆ ಉಳಿಯಲಿ ಎಂದೇ ಆ ಕಟ್ಟಳೆ ಹುಟ್ಟಿದ್ದು.

“ಮಡಕೆ ಹೊಳೇಲದೆ,” ಅಂದ ಮಾರಿ.

ಈ ಸಲ ಸಾಲು ಕಟ್ಟಲಿಲ್ಲ, ಮನೆಗೊಂದೇ ಏಟು ಎಂಬ ಲೆಕ್ಕವೂ ಇರಲಿಲ್ಲ. ಅತ್ತಿಮರದ ಬುಡದಲ್ಲಿ ಅವನನ್ನು ಮುತ್ತಿಕೊಂಡರು. ಬೆತ್ತ ಕಿತ್ತುಕೊಂಡು ಅದರಲ್ಲೇ ಅವನ ದವಡೆ ಒಡೆದರು. ಅವನು ಕಿರುಚುವುದನ್ನು ನಿಲ್ಲಿಸಿದ ಮೇಲೂ ಬಹಳ ಹೊತ್ತು ಹೊಡೆದರು. ಅರ್ಧ ಏಟು ಪಾಪನಿಗಾಗಿ, ಉಳಿದವು ತಾವು ಲಿಂಗನಿಗೆ ಹೊಡೆದದ್ದನ್ನು ಮರೆಯಲು. ಇದನ್ನು ನ್ಯಾಯ ಎನ್ನುವವರು ಎನ್ನಲಿ, ನನಗಂತೂ ಬಾಯಿ ಬರುವುದಿಲ್ಲ.

ಸಿದ್ದಿ ಆ ಕಡೆ ತಿರುಗಿಯೂ ನೋಡಲಿಲ್ಲ. ಗಂಡನ ತಲೆಯನ್ನು ಮೆಲ್ಲಗೆ ನೆಲಕ್ಕಿಟ್ಟು ಎದ್ದು, ತನ್ನ ಮನೆಯೊಳಗೆ ಹೋಗಿ ಒನಕೆ ತಂದಳು. ಮುದ್ದಿಯ ಎದುರು ಬಂದು ನಿಂತಳು. ಅವಳ ಉಸಿರಿನಿಂದಲೇ ಮುದ್ದಿಗೆ ಯಾರೆಂದು ತಿಳಿಯಿತು.

“ಎಲ್ರೂ ಬೇಡ ಅಂದಿದ್ದು ನಿಂಗೊಬ್ಳಿಗೇ ಗೊತ್ತಿತ್ತು, ಅಲ್ವಾ ಅಜ್ಜಿ?”

“ಹೂಂ.”

“ಕೈಗೆ ಸಿಕ್ಕಿದ್ದನ್ನ ತೆಗ್ದಿದ್ರೆ ಅವ ಈಗ ಇರ್ತಿದ್ದ.”

“ಇರ್ತಿದ್ದ ಮಗಳೇ.”

“ಯಾವ ಬೆರಳು?”

ಮುದ್ದಿ ಬಗ್ಗಿ ತಡಕಿ, ಕಣದ ಅಂಚಿನ ಒರಳುಕಲ್ಲಿನ ಮೇಲೆ ಬಲಗೈ ಇಟ್ಟಳು. ಕಿರುಬೆರಳು, ಉಂಗುರದ ಬೆರಳು ಮಡಿಸಿಕೊಂಡಳು. ಉಳಿದ ಮೂರನ್ನು ಕಲ್ಲಿನ ಮೇಲೆ ಚಾಚಿದಳು. ದೊಡ್ಡಿ “ಬೇಡ ಸಿದ್ದೀ” ಅಂದಳು.

ಸಿದ್ದಿ ಒನಕೆ ಎತ್ತಿದಳು. ಮುದ್ದಿ ಕೈ ಎಳೆದುಕೊಳ್ಳಲಿಲ್ಲ.